ಒಂದೇ ತೊಟ್ಟಿಗೆ ಸುರಿದ ಹಾಲು: ಅಮೆರಿಕದ ಬಯಲಿನಲ್ಲಿ ನಾರ್ವೆ ರೈತರು ಕಟ್ಟಿದ ಊರು

(ಹಾಲು ಉತ್ಪಾದಕ ಸದಸ್ಯರ ಶಿಬಿರದಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಹಾಲಿನ ಸಹಕಾರದ ಮಾತು ಬಂದಾಗ ನಾವು ಗುಜರಾತಿನ ಖೇಡಾ ಜಿಲ್ಲೆಯನ್ನು ನೆನೆಯುತ್ತೇವೆ. 1946ರಲ್ಲಿ ಅಲ್ಲಿನ ರೈತರು ಕಟ್ಟಿದ ಒಕ್ಕೂಟವೇ ನಮ್ಮ ಸಂಘಗಳಿಗೆ ಮಾದರಿಯಾಯಿತು ಎಂಬುದು ತಮಗೆಲ್ಲ ತಿಳಿದ ವಿಷಯ. ಈ ದಿನ ತಮ್ಮ ಮುಂದಿಡುವುದು ಅದಕ್ಕಿಂತ ಹಳೆಯ, ಬಹಳ ದೂರದ ಒಂದು ಕಥೆ. ಉತ್ತರ ಯೂರೋಪಿನ ನಾರ್ವೆ ದೇಶದ ಬಡ ರೈತರು ಕಡಲು ದಾಟಿ ಅಮೆರಿಕದ ಹುಲ್ಲುಬಯಲಿಗೆ ಹೋದರು. ಅಲ್ಲಿ ಊರು ಕಟ್ಟಿದರು. ಆ ಊರುಗಳಲ್ಲಿ ಹಾಲಿನ ಸಂಘ ಕಟ್ಟಿದರು. ಸಂಘ ಇದ್ದಷ್ಟು ಕಾಲ ಊರು ಹೇಗಿತ್ತು, ಸಂಘದ ಬಾಗಿಲು ಮುಚ್ಚಿದ ಮೇಲೆ ಊರು ಏನಾಯಿತು ಎಂಬುದನ್ನು ತಿಳಿಯುವುದು ದಿನವೂ ಎರಡು ಹೊತ್ತು ಕ್ಯಾನು ಹಿಡಿದು ಡೇರಿಗೆ ಹೋಗುವ ನಿಮಗೆ ಉಪಯೋಗಕ್ಕೆ ಬಂದೀತು ಎಂದು ನಂಬಿದ್ದೇನೆ.

ಹೊಟ್ಟೆಪಾಡಿನ ಹಾದಿ

ನಾರ್ವೆ ನೋಡಲು ಚೆಲುವಾದ ದೇಶ. ಆದರೆ ಚೆಲುವು ಅನ್ನ ಕೊಡುವುದಿಲ್ಲ. ಬೆಟ್ಟ, ಬಂಡೆ, ಕಾಡು, ಹಿಮ ಇವೆಲ್ಲ ಹೋಗಿ ಉಳುವುದಕ್ಕೆ ಸಿಗುವ ನೆಲ ನೂರಕ್ಕೆ ನಾಲ್ಕು ಪಾಲೂ ಇಲ್ಲ. 19ನೇ ಶತಮಾನದಲ್ಲಿ ಅಲ್ಲಿನ ಜನಸಂಖ್ಯೆ ಎರಡು ಪಟ್ಟಿಗೂ ಮೀರಿ ಬೆಳೆಯಿತು, ನೆಲ ಮಾತ್ರ ಬೆಳೆಯಲಿಲ್ಲ. ಜಮೀನು ವಾಡಿಕೆಯಂತೆ ಹಿರಿಯ ಮಗನಿಗೆ ಸೇರುತ್ತಿತ್ತು. ಉಳಿದವರ ಪೈಕಿ ಎಷ್ಟೋ ಜನ ‘ಹುಸ್ಮನ್’ ಆಗುತ್ತಿದ್ದರು. ಅಂದರೆ ಒಡೆಯನ ಜಮೀನಿನ ಅಂಚಿನಲ್ಲಿ ಒಂದು ಗುಡಿಸಲು, ತುಂಡು ನೆಲ. ಅದಕ್ಕೆ ಪ್ರತಿಯಾಗಿ ಒಡೆಯನ ಹೊಲದಲ್ಲಿ ದುಡಿಮೆ. ಗೇಣಿದಾರನಿಗಿಂತ ಕೆಳಗೆ, ಜೀತದಾಳಿಗಿಂತ ಮೇಲೆ ಎನ್ನಬಹುದಾದ ಬಾಳು.

ಹೈನು ಅವರಿಗೆ ಹೊಸದಲ್ಲ. ಬೇಸಿಗೆಯಲ್ಲಿ ದನಗಳನ್ನು ಬೆಟ್ಟದ ಮೇಲಿನ ಹುಲ್ಲುಗಾವಲಿಗೆ ಹೊಡೆದುಕೊಂಡು ಹೋಗಿ, ಅಲ್ಲೇ ಗುಡಿಸಲಲ್ಲಿ ತಂಗಿ, ಹಾಲು ಕರೆದು ಬೆಣ್ಣೆ, ಚೀಸ್ ಮಾಡುವುದು ಅಲ್ಲಿನ ಹೆಣ್ಣುಮಕ್ಕಳ ಕೆಲಸವಾಗಿತ್ತು. 1856ರಷ್ಟು ಹಿಂದೆಯೇ ನಾರ್ವೆಯ ರೌಷೋದಾಲೆನ್ ಎಂಬಲ್ಲಿ ರೈತರು ಕೂಡಿ ಒಂದು ಸಹಕಾರಿ ಚೀಸ್ ಡೇರಿಯನ್ನು ಸ್ಥಾಪಿಸಿದ್ದರು.

1825ನೇ ಇಸವಿ ಜುಲೈ 4ರಂದು ಸ್ಟವಾಂಗರ್ ಬಂದರಿನಿಂದ ‘ರೆಸ್ಟೋರೇಷನ್’ ಎಂಬ ಪುಟ್ಟ ಹಾಯಿಹಡಗು 52 ಜನರನ್ನು ಹೊತ್ತು ಹೊರಟಿತು. ಅಕ್ಟೋಬರ್ 9ರಂದು ನ್ಯೂಯಾರ್ಕ್ ಮುಟ್ಟುವಷ್ಟರಲ್ಲಿ ನಡುಗಡಲಿನಲ್ಲಿ ಒಂದು ಕೂಸು ಹುಟ್ಟಿ 53 ಜನರಾಗಿದ್ದರು. ಹಡಗಿನ ಅಳತೆಗೆ ಮೀರಿ ಜನ ತುಂಬಿದ್ದಾರೆಂದು ದಂಡ ಬಿತ್ತು. ಅಧ್ಯಕ್ಷ ಜಾನ್ ಕ್ವಿನ್ಸಿ ಆಡಮ್ಸ್ ಅದನ್ನು ಮನ್ನಾ ಮಾಡಿದರು. ಆ ಪ್ರಯಾಣಕ್ಕೆ 2025ರಲ್ಲಿ ಇನ್ನೂರು ವರ್ಷ ತುಂಬಿತು. ಮುಂದಿನ ನೂರು ವರ್ಷಗಳಲ್ಲಿ ಎಂಟು ಲಕ್ಷಕ್ಕೂ ಹೆಚ್ಚು ಜನ ಆ ಸಣ್ಣ ದೇಶವನ್ನು ಬಿಟ್ಟು ಅದೇ ದಾರಿ ಹಿಡಿದರು. ಅವರಲ್ಲಿ ಬಹುಪಾಲು ಜನ ಇಲಿನಾಯ್, ವಿಸ್ಕಾನ್ಸಿನ್, ಅಯೋವಾ, ಮಿನ್ನೆಸೋಟ, ಡಕೋಟಾ ಪ್ರಾಂತ್ಯಗಳಲ್ಲಿ ನೆಲೆಸಿದರು.

ಆ ನೆಲ ಯಾರದು?

1862ರಲ್ಲಿ ಅಮೆರಿಕ ಸರ್ಕಾರ ‘ಹೋಮ್‌ಸ್ಟೆಡ್’ ಕಾಯ್ದೆ ತಂದಿತು. ಅಲ್ಪ ಶುಲ್ಕ ಕಟ್ಟಿ, ಐದು ವರ್ಷ ಅಲ್ಲೇ ವಾಸವಿದ್ದು ಉಳುಮೆ ಮಾಡಿದವನಿಗೆ 160 ಎಕರೆ ಸ್ವಂತ. ತುಂಡು ನೆಲಕ್ಕಾಗಿ ಒಡೆಯನ ಮುಂದೆ ಕೈಕಟ್ಟಿ ನಿಂತವರಿಗೆ ಇದು ಎಂಥ ಆಸೆ ಹುಟ್ಟಿಸಿರಬೇಕು, ಯೋಚಿಸಿ.

ಆದರೆ ಕಥೆಯನ್ನು ಪೂರ್ತಿ ಹೇಳಬೇಕು. ಆ ನೆಲ ಖಾಲಿ ಬಿದ್ದಿರಲಿಲ್ಲ. ಅದು ಡಕೋಟಾ ಮೊದಲಾದ ಮೂಲನಿವಾಸಿಗಳ ನೆಲ. 1851ರ ಎರಡು ಒಪ್ಪಂದಗಳ ಮೂಲಕ ದಕ್ಷಿಣ ಮಿನ್ನೆಸೋಟದ ಸುಮಾರು 2.4 ಕೋಟಿ ಎಕರೆ ಡಕೋಟಾ ಜನರ ಕೈಬಿಟ್ಟಿತು. ಬದಲಿಗೆ ಕೊಡಬೇಕಾದ ಹಣ ಹೊತ್ತಿಗೆ ಸರಿಯಾಗಿ ಬರಲಿಲ್ಲ. ಹಸಿವು ಹೆಚ್ಚಿ 1862ರಲ್ಲಿ ಯುದ್ಧವೇ ನಡೆಯಿತು. ಆಗತಾನೆ ನೆಲೆಸಿದ್ದ ನಾರ್ವೆ, ಸ್ವೀಡನ್, ಜರ್ಮನಿಯ ಕುಟುಂಬಗಳೂ ಅದರಲ್ಲಿ ಪ್ರಾಣ ಕಳೆದುಕೊಂಡವು. ಅದೇ ವರ್ಷ ಡಿಸೆಂಬರ್ 26ರಂದು ಮ್ಯಾಂಕೇಟೊ ಊರಿನಲ್ಲಿ 38 ಡಕೋಟಾ ಗಂಡಸರನ್ನು ಒಟ್ಟಿಗೆ ಗಲ್ಲಿಗೇರಿಸಲಾಯಿತು. ಉಳಿದವರನ್ನು ಆ ಪ್ರಾಂತ್ಯದಿಂದಲೇ ಓಡಿಸಲಾಯಿತು. ಒಬ್ಬ ನಿರ್ಗತಿಕನಿಗೆ ಸಿಕ್ಕ ನೆಲ ಇನ್ನೊಬ್ಬ ನಿರ್ಗತಿಕನಾದ ಮೇಲೆ ಸಿಕ್ಕ ನೆಲ. ಈ ಮಾತನ್ನು ಮರೆತು ಆ ರೈತರ ಸಾಹಸವನ್ನು ಹೊಗಳುವುದು ನ್ಯಾಯವಲ್ಲ.

ಮಣ್ಣಿನ ಮನೆ, ಮಿಡತೆ, ಹಿಮ

ಬಯಲಿನಲ್ಲಿ ಕಣ್ಣು ಹಾಯುವವರೆಗೆ ಹುಲ್ಲು. ಮನೆ ಕಟ್ಟಲು ಮರವಿಲ್ಲ, ಕಲ್ಲಿಲ್ಲ. ಹುಲ್ಲಿನ ಬೇರು ಹಿಡಿದಿದ್ದ ಮಣ್ಣನ್ನೇ ಹೆಂಟೆ ಹೆಂಟೆಯಾಗಿ ಕಡಿದು, ಇಟ್ಟಿಗೆಯಂತೆ ಜೋಡಿಸಿ ಮನೆ ಮಾಡಿದರು. ಮಳೆ ಬಂದರೆ ಸೂರಿನಿಂದ ಕೆಸರು ಸೋರುತ್ತಿತ್ತು. ಒಲೆಗೆ ಸೌದೆ ಇಲ್ಲ. ಒಣಹುಲ್ಲನ್ನು ಹಗ್ಗದಂತೆ ಹೊಸೆದು ಉರಿಸಿದರು, ಒಣಗಿದ ಸಗಣಿಯನ್ನೂ ಉರಿಸಿದರು. ಬೆರಣಿ ತಟ್ಟಿ ಅಡುಗೆ ಮಾಡಿದ ನಮ್ಮ ತಾಯಂದಿರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

1873ರಿಂದ 1877ರವರೆಗೆ ಮಿಡತೆಗಳ ದಂಡು ಮೇಲಿಂದ ಮೇಲೆ ಬಂದು ಮಿನ್ನೆಸೋಟದ ಪೈರನ್ನು ತಿಂದುಹಾಕಿತು. 1888ರ ಜನವರಿ 12ರಂದು ಬೆಳಿಗ್ಗೆ ಹಿತವಾಗಿದ್ದ ಹವೆ ಇದ್ದಕ್ಕಿದ್ದಂತೆ ಹಿಮದ ಬಿರುಗಾಳಿಯಾಗಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಶಾಲೆಯಿಂದ ಮನೆಗೆ ಹೊರಟ ಮಕ್ಕಳು ದಾರಿ ಕಾಣದೆ ಹೆಪ್ಪುಗಟ್ಟಿದ್ದರಿಂದ ಅದನ್ನು ಇಂದಿಗೂ ಮಕ್ಕಳ ಬಿರುಗಾಳಿ ಎಂದೇ ಕರೆಯುತ್ತಾರೆ. ಇದೆಲ್ಲಕ್ಕಿಂತ ದೊಡ್ಡ ಕಷ್ಟ ಒಂಟಿತನ. ಒಬ್ಬೊಬ್ಬನಿಗೂ 160 ಎಕರೆ ಎಂದರೆ ನೆರೆಮನೆ ಎಷ್ಟು ದೂರ ನೋಡಿ! ನಾರ್ವೆಯ ಮೀನುಗಾರ ಕುಟುಂಬದಿಂದ 1896ರಲ್ಲಿ ಅಮೆರಿಕಕ್ಕೆ ಬಂದು ಅಧ್ಯಾಪಕರಾದ ಓ. ಇ. ರೋಲ್ವಾಗ್ ಅವರ ‘ಜೈಂಟ್ಸ್ ಇನ್ ದಿ ಅರ್ತ್’ ಎಂಬ ಕಾದಂಬರಿ 1927ರಲ್ಲಿ ಇಂಗ್ಲಿಷಿಗೆ ಬಂತು. ಆ ಬಯಲಿನ ಒಂಟಿತನದಲ್ಲಿ ಒಬ್ಬ ಹೆಣ್ಣುಮಗಳ ಮನಸ್ಸು ಹೇಗೆ ಕದಡಿಹೋಯಿತೆಂಬುದು ಅದರ ಕಥೆಯ ಮುಖ್ಯ ಎಳೆ.

ಒಂದು ಬೀದಿಯ ಊರು

ರೈಲು ಬಂದ ಮೇಲೆ ಊರುಗಳು ಎದ್ದವು. ರೈತ ಗಾಡಿಯಲ್ಲಿ ಗೋಧಿ ತಂದು ಅದೇ ದಿನ ಮನೆಗೆ ಹಿಂದಿರುಗುವಷ್ಟು ಅಂತರಕ್ಕೆ ಒಂದೊಂದು ರೈಲು ನಿಲ್ದಾಣ. ನಿಲ್ದಾಣದ ಪಕ್ಕದಲ್ಲಿ ಗೋಧಿ ತುಂಬುವ ಎತ್ತರದ ಗೋದಾಮು. ಎದುರಿಗೆ ಒಂದು ಬೀದಿ. ಬೀದಿಯಲ್ಲಿ ಕಿರಾಣಿ ಅಂಗಡಿ, ಕಮ್ಮಾರಸಾಲೆ, ಬ್ಯಾಂಕು, ಶಾಲೆ, ಇಗರ್ಜಿ. ಹಬ್ಬಕ್ಕೆ ಆಲೂಗಡ್ಡೆ ಬೇಯಿಸಿ ನಾದಿ, ತೆಳ್ಳಗೆ ಲಟ್ಟಿಸಿ ಹೆಂಚಿನ ಮೇಲೆ ಸುಡುವ ‘ಲೆಫ್ಸೆ’. ಹುಳಿ ಕೆನೆ ಕಾಯಿಸಿ ಮಾಡುವ ಗಂಜಿ. 1814ರಲ್ಲಿ ತಮ್ಮ ದೇಶಕ್ಕೆ ಸಂವಿಧಾನ ಬಂದ ಮೇ 17ರ ದಿನವನ್ನು ಅಲ್ಲಿಯೂ ಮೆರವಣಿಗೆ ಮಾಡಿ ಆಚರಿಸುತ್ತಿದ್ದರು. ಅಯೋವಾದ ಡೆಕೋರಾ ಊರಿನಿಂದ 1874ರಲ್ಲಿ ಆರಂಭವಾದ ‘ಡೆಕೋರಾ ಪೋಸ್ಟೆನ್’ ಪತ್ರಿಕೆ ಮನೆಮನೆಗೂ ತಾಯ್ನುಡಿಯಲ್ಲಿ ಸುದ್ದಿ ತಲುಪಿಸಿತು.

ಊರೆಂದ ಮೇಲೆ ಜಗಳವೂ ಇತ್ತು. ಮೋಕ್ಷ ಯಾರಿಗೆ ಎಂಬುದನ್ನು ದೇವರು ಮೊದಲೇ ನಿಶ್ಚಯಿಸಿದ್ದಾನೆಯೇ ಎಂಬ ವಾದ 1880ರ ದಶಕದಲ್ಲಿ ಎಷ್ಟು ಬಿಸಿಯಾಯಿತೆಂದರೆ ಎಷ್ಟೋ ಸಭೆಗಳು ಒಡೆದು, ಒಂದೇ ಊರಿನಲ್ಲಿ ಒಂದೇ ದೇಶದ ಜನಕ್ಕೆ ಎರಡು ಇಗರ್ಜಿಗಳಾದವು. ಒಡೆದ ಪಂಗಡಗಳಲ್ಲಿ ಹೆಚ್ಚಿನವು ಒಂದಾಗಲು 1917ರವರೆಗೆ ಕಾಯಬೇಕಾಯಿತು. ಎರಡು ಗುಂಪಿನ ಊರಿನಲ್ಲಿ ಸಂಘ ನಡೆಸುವ ಕಷ್ಟ ನಮ್ಮ ಕಾರ್ಯದರ್ಶಿಗಳಿಗೆ ಚೆನ್ನಾಗಿ ಗೊತ್ತು!

ಅಂಗಡಿಯ ಪೀಪಾಯಿ

ಮೊದಮೊದಲು ಅವರು ನಂಬಿದ್ದು ಗೋಧಿಯನ್ನು. ವರ್ಷ ವರ್ಷವೂ ಅದೇ ಬೆಳೆ ಬೆಳೆದು ನೆಲದ ಸಾರ ಇಳಿಯಿತು, ರೋಗ ಕೀಟ ಹೆಚ್ಚಿದವು, ಧಾರಣೆ ಬಿತ್ತು. ಗೋಧಿಯ ದರ್ಜೆ ನಿರ್ಧರಿಸುವವನು ಗೋದಾಮಿನವನು, ಸಾಗಣೆ ದರ ನಿರ್ಧರಿಸುವವನು ರೈಲಿನವನು. ಬೆಳೆದವನ ಮಾತಿಗೆ ಎಲ್ಲಿಯೂ ಬೆಲೆಯಿಲ್ಲ. ಆಗ ರೈತರು ಹಸುವಿನ ಕಡೆ ತಿರುಗಿದರು.

ಹಸು ಸಾಕಿದರೂ ಮೊದಲಿಗೆ ಕೈಗೆ ಹಣ ಬರಲಿಲ್ಲ. ಮನೆಯ ಹೆಂಗಸರು ಹಾಲು ಕರೆದು, ಕೆನೆ ತೆಗೆದು, ಕಡೆದು ಬೆಣ್ಣೆ ಮಾಡಿ ಅಂಗಡಿಗೆ ಒಯ್ಯುತ್ತಿದ್ದರು. ಅಂಗಡಿಯವನು ಹಣ ಕೊಡುತ್ತಿರಲಿಲ್ಲ. ಅದರ ಬದಲು ಕಾಫಿ, ಸಕ್ಕರೆ, ಬಟ್ಟೆ ಕೊಡುತ್ತಿದ್ದ. ಒಳ್ಳೆಯ ಬೆಣ್ಣೆ, ಕಮಟು ಬೆಣ್ಣೆ ಎರಡೂ ಒಂದೇ ಪೀಪಾಯಿಗೆ ಹೋಗುತ್ತಿದ್ದವು. ಶುಚಿಯಾಗಿ ಮಾಡಿದವಳಿಗೂ ಅದೇ ದರ, ಕೊಳಕಾಗಿ ಮಾಡಿದವಳಿಗೂ ಅದೇ ದರ. ಒಳ್ಳೆಯ ಕೆಲಸಕ್ಕೆ ಬೆಲೆಯಿಲ್ಲದ ಕಡೆ ಒಳ್ಳೆಯ ಕೆಲಸ ಎಷ್ಟು ದಿನ ಉಳಿದೀತು?

ಒಂದೇ ತೊಟ್ಟಿ

ದಾರಿ ತೋರಿಸಿದವರು ನೆರೆಯ ಡೆನ್ಮಾರ್ಕಿನಿಂದ ಬಂದಿದ್ದ ರೈತರು. ಡೆನ್ಮಾರ್ಕಿನಲ್ಲಿ 1882ರಲ್ಲಿ ಮೊದಲ ಸಹಕಾರಿ ಡೇರಿ ಆರಂಭವಾಗಿತ್ತು. ಅಲ್ಲಿನ ನಿಯಮ ಸರಳ: ಮತ ಮನುಷ್ಯನ ತಲೆಗೆ, ಹಸುವಿನ ತಲೆಗಲ್ಲ. ನೂರು ಹಸು ಇದ್ದವನಿಗೂ ಒಂದೇ ಮತ, ಎರಡು ಹಸು ಇದ್ದವನಿಗೂ ಒಂದೇ ಮತ. 1890ರಲ್ಲಿ ಮಿನ್ನೆಸೋಟದ ಕ್ಲಾರ್ಕ್ಸ್ ಗ್ರೋವ್ ಎಂಬಲ್ಲಿ ಡೇನಿಷ್ ರೈತರು ಸಹಕಾರಿ ಕ್ರೀಮರಿ, ಅಂದರೆ ಬೆಣ್ಣೆ ತೆಗೆಯುವ ಡೇರಿ, ಸ್ಥಾಪಿಸಿದರು. ಮಿನ್ನೆಸೋಟ ವಿಶ್ವವಿದ್ಯಾನಿಲಯದ ಥಿಯೋಫಿಲಸ್ ಹೆಕರ್ ಅಲ್ಲಿಗೆ ಹೋಗಿ ಕಣ್ಣಾರೆ ನೋಡಿ, ಅದೇ ಮಾದರಿಯನ್ನು ಊರೂರಿಗೆ ಪ್ರಚಾರ ಮಾಡಿದರು. ನಾರ್ವೆ, ಸ್ವೀಡನ್, ಜರ್ಮನಿ ಮೂಲದ ರೈತರೆಲ್ಲ ಅದನ್ನು ಕೈಗೆತ್ತಿಕೊಂಡರು. 1918ರ ಹೊತ್ತಿಗೆ ಮಿನ್ನೆಸೋಟ ಒಂದರಲ್ಲೇ 600ಕ್ಕೂ ಹೆಚ್ಚು ಸಹಕಾರಿ ಕ್ರೀಮರಿಗಳಿದ್ದವು.

ಇದಕ್ಕೆ ಎರಡು ಉಪಕರಣಗಳು ನೆರವಾದವು. ಮೊದಲನೆಯದು ಸ್ವೀಡನ್ನಿನ ಗುಸ್ತಾಫ್ ಡಿ ಲಾವಾಲ್ 1878ರಲ್ಲಿ ರೂಪಿಸಿದ, ತಿರುಗುವ ವೇಗದಿಂದ ಕೆನೆ ಬೇರ್ಪಡಿಸುವ ಯಂತ್ರ. ಕೆನೆ ಬೆಣ್ಣೆಗೆ, ಉಳಿದ ಹಾಲು ಕರುಗಳಿಗೆ ಮತ್ತು ಹಂದಿಗಳಿಗೆ. ಎರಡನೆಯದು ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ಸ್ಟೀಫನ್ ಬಾಬ್‌ಕಾಕ್ 1890ರಲ್ಲಿ ಪ್ರಕಟಿಸಿದ ಜಿಡ್ಡಿನ ಪರೀಕ್ಷೆ. ಹಾಲಿಗೆ ಗಂಧಕಾಮ್ಲ ಸೇರಿಸಿ ಯಂತ್ರದಲ್ಲಿ ತಿರುಗಿಸಿದರೆ ಜಿಡ್ಡು ಶೀಶೆಯ ಕತ್ತಿಗೆ ಏರಿ ನಿಲ್ಲುತ್ತದೆ. ಗೆರೆ ನೋಡಿ ಓದಬಹುದು. ನಮ್ಮ ಸಂಘಗಳಲ್ಲಿ ಬಹುಕಾಲ ಬಳಸಿದ ಗರ್ಬರ್ ವಿಧಾನದ ತತ್ವವೂ ಇದೇ. ಬಾಬ್‌ಕಾಕ್ ಇದಕ್ಕೆ ಪೇಟೆಂಟ್ ಪಡೆಯಲಿಲ್ಲ. ಎಲ್ಲರೂ ಬಳಸಲಿ ಎಂದು ಬಿಟ್ಟುಕೊಟ್ಟರು.

ಈ ಪರೀಕ್ಷೆ ಏನು ಮಾಡಿತು ಎಂಬುದನ್ನು ನೀವು ಗಮನಿಸಬೇಕು. ಅದಕ್ಕೆ ಮೊದಲು ಹಾಲಿಗೆ ತೂಕದ ಮೇಲೆ ಹಣ. ನೀರು ಬೆರೆಸಿದವನಿಗೆ ಲಾಭ, ಬೆರೆಸದವನಿಗೆ ನಷ್ಟ, ಎಲ್ಲರಿಗೂ ಎಲ್ಲರ ಮೇಲೂ ಅನುಮಾನ. ಪರೀಕ್ಷೆ ಬಂದ ಮೇಲೆ ಅನುಮಾನಕ್ಕೆ ಜಾಗವಿಲ್ಲದಾಯಿತು. ಭಾನುವಾರ ಬೇರೆ ಬೇರೆ ಇಗರ್ಜಿಗೆ ಹೋಗುವವರೂ ಸೋಮವಾರ ಬೆಳಿಗ್ಗೆ ಒಂದೇ ತೊಟ್ಟಿಗೆ ಹಾಲು ಸುರಿಯಬಹುದಾಯಿತು. ಪರಸ್ಪರ ನಂಬಿಕೆ ಇದ್ದುದರಿಂದ ಮಾತ್ರ ಸಂಘ ಬೆಳೆಯಿತೆಂದು ತಿಳಿಯಬೇಡಿ. ನ್ಯಾಯವಾದ ಅಳತೆ ಇದ್ದುದರಿಂದ ನಂಬಿಕೆ ಬೆಳೆಯಿತು.

ಕ್ರೀಮರಿ ಊರಿನ ಜೀವನಾಡಿಯಾಯಿತು. ಬೆಳಿಗ್ಗೆ ಕ್ಯಾನು ತುಂಬಿದ ಗಾಡಿಗಳ ಸಾಲು. ಒಂದೇ ದಾರಿಯ ಮನೆಗಳವರು ಸರದಿಯ ಮೇಲೆ ಎಲ್ಲರ ಹಾಲನ್ನೂ ತರುತ್ತಿದ್ದರು. ಚಳಿಗಾಲದಲ್ಲಿ ಕೆರೆಯ ಮಂಜುಗಡ್ಡೆಯನ್ನು ಗರಗಸದಿಂದ ಕೊಯ್ದು, ಮರದ ಹೊಟ್ಟಿನಲ್ಲಿ ಹುದುಗಿಸಿಟ್ಟು, ಬೇಸಿಗೆಯಲ್ಲಿ ಕೆನೆ ತಣ್ಣಗಿಡಲು ಬಳಸುತ್ತಿದ್ದರು. ಕಾಯುವ ಹೊತ್ತಿನಲ್ಲಿ ಯಾರ ಹಸು ಈಯಿತು, ಯಾರ ಮನೆಯಲ್ಲಿ ಕಾಯಿಲೆ, ಯಾರಿಗೆ ಆಳು ಬೇಕು ಎಂಬ ಮಾತು. ಬಯಲಿನ ಒಂಟಿತನಕ್ಕೆ ದಿನವೂ ಸಿಕ್ಕ ಮದ್ದು ಅದು. ಬೆಣ್ಣೆಯ ಹಣ ನಿಯಮಿತವಾಗಿ ಕೈಗೆ ಬಂದಾಗ ಅಂಗಡಿಯವನ ಹಂಗು ಕಡಿಮೆಯಾಯಿತು.

ತಾಯಂದಿರು ಒಂದು ಮಾತನ್ನು ವಿಶೇಷವಾಗಿ ಕೇಳಿಸಿಕೊಳ್ಳಬೇಕು. ಬೆಣ್ಣೆ ಮನೆಯಲ್ಲಿ ಆಗುತ್ತಿದ್ದಷ್ಟು ಕಾಲ ಅದರ ಗಳಿಕೆ ಹೆಂಗಸಿನ ಕೈಯಲ್ಲಿತ್ತು. ಕ್ರೀಮರಿ ಬಂದು ಅವಳ ಬೆನ್ನಿನ ಭಾರ ಇಳಿಸಿತು, ನಿಜ. ಆದರೆ ಚೆಕ್ಕು ಹೆಚ್ಚಾಗಿ ಗಂಡನ ಹೆಸರಿಗೆ ಬರತೊಡಗಿತು. ದುಡಿಮೆ ಹಗುರಾಯಿತು, ಕೈಯೂ ಬರಿದಾಯಿತು. ನಮ್ಮಲ್ಲಿ ಇಂದು ಮಹಿಳಾ ಹಾಲು ಉತ್ಪಾದಕರ ಸಹಕಾರ ಸಂಘಗಳಿವೆ. ಹಾಗಿದ್ದೂ ನಿಮ್ಮ ಮನೆಯ ಹಾಲಿನ ಬಟವಾಡೆ ಯಾರ ಖಾತೆಗೆ ಹೋಗುತ್ತಿದೆ ಎಂದು ಒಮ್ಮೆ ಪಾಸ್‌ಬುಕ್ ತೆಗೆದು ನೋಡಿ.

ಒಕ್ಕೂಟ ಮತ್ತು ಕಾನೂನು

ಊರಿಗೊಂದು ಕ್ರೀಮರಿ ಆಯಿತು, ಆದರೆ ಮಾರುಕಟ್ಟೆಯಲ್ಲಿ ಒಂದೊಂದೂ ಒಂಟಿ. ಗುಣಮಟ್ಟ ಊರಿಗೊಂದು ತರಹ. ಸಣ್ಣ ಸಣ್ಣ ಮೊತ್ತದಲ್ಲಿ ಸಾಗಿಸುವ ಖರ್ಚು ಬೇರೆ. 1921ರಲ್ಲಿ ಸುಮಾರು 320 ಕ್ರೀಮರಿಗಳು ಸೇರಿ ಮಿನ್ನೆಸೋಟ ಸಹಕಾರಿ ಕ್ರೀಮರಿಗಳ ಒಕ್ಕೂಟವನ್ನು ಕಟ್ಟಿದವು. ಎಲ್ಲರ ಬೆಣ್ಣೆಗೂ ಒಂದೇ ಗುಣಮಟ್ಟ, ಸಾಗಣೆಗೆ ಪೂರ್ತಿ ರೈಲು ಡಬ್ಬಿ. 1924ರಲ್ಲಿ ಸ್ಪರ್ಧೆ ನಡೆಸಿ ಬೆಣ್ಣೆಗೆ ‘ಲ್ಯಾಂಡ್ ಓ ಲೇಕ್ಸ್’ ಎಂಬ ಹೆಸರಿಟ್ಟರು. ಹನಿಹನಿಗೂಡಿದರೆ ಹಳ್ಳ ಎಂಬ ನಮ್ಮ ಗಾದೆ ಅಲ್ಲಿಯೂ ನಿಜವಾಯಿತು.

ಆಗ ಕಾನೂನಿನ ತೊಡಕೊಂದಿತ್ತು. ದೊಡ್ಡ ಕಂಪನಿಗಳ ಏಕಸ್ವಾಮ್ಯ ತಡೆಯಲು 1890ರಲ್ಲಿ ಮಾಡಿದ ಶರ್ಮನ್ ಕಾಯ್ದೆಯನ್ನು ಕೂಡಿ ಮಾರುವ ರೈತರ ಮೇಲೂ ಪ್ರಯೋಗಿಸಬಹುದಾಗಿತ್ತು. ಇದನ್ನು ಬಿಡಿಸಿದವರಲ್ಲಿ ಪ್ರಮುಖರು ನಾರ್ವೆಯಿಂದ ಬಂದ ತಂದೆತಾಯಿಗೆ 1860ರಲ್ಲಿ ಮಿನ್ನೆಸೋಟದಲ್ಲಿ ಹುಟ್ಟಿದ ಆಂಡ್ರ್ಯೂ ವಾಲ್‌ಸ್ಟೆಡ್. ಗ್ರಾನೈಟ್ ಫಾಲ್ಸ್ ಎಂಬ ಸಣ್ಣ ಊರಿನ ವಕೀಲರು, ಸಂಸತ್ ಸದಸ್ಯರು. ಮದ್ಯನಿಷೇಧದ ಕಾಯ್ದೆಗೆ ಅವರ ಹೆಸರು ಅಂಟಿಕೊಂಡು ಪ್ರಸಿದ್ಧರಾದರು. ಆದರೆ ರೈತರ ಪಾಲಿಗೆ ಅವರು ಉಳಿಸಿಹೋದದ್ದು 1922ರ ಫೆಬ್ರವರಿ 18ರ ಕ್ಯಾಪರ್-ವಾಲ್‌ಸ್ಟೆಡ್ ಕಾಯ್ದೆ. ರೈತರು ಸಂಘ ಕಟ್ಟಿ ತಮ್ಮ ಉತ್ಪನ್ನವನ್ನು ಒಟ್ಟಾಗಿ ಸಂಸ್ಕರಿಸಿ ಮಾರಬಹುದು ಎಂದು ಅದು ಸಾರಿತು. ಷರತ್ತುಗಳನ್ನು ನೋಡಿ: ಸದಸ್ಯನಿಗೆ ಒಂದೇ ಮತ ಇರಬೇಕು, ಇಲ್ಲವೇ ಷೇರಿನ ಲಾಭಾಂಶ ನೂರಕ್ಕೆ ಎಂಟನ್ನು ಮೀರಬಾರದು, ಸದಸ್ಯರಲ್ಲದವರ ವ್ಯವಹಾರ ಸದಸ್ಯರ ವ್ಯವಹಾರವನ್ನು ಮೀರಬಾರದು. ಒಂದು ಶತಮಾನ ಕಳೆದ ಮೇಲೂ ಆ ಕಾಯ್ದೆ ಜಾರಿಯಲ್ಲಿದೆ.

ಬಾಗಿಲು ಮುಚ್ಚಿದ ಮೇಲೆ

ಕಥೆ ಇಲ್ಲಿಗೇ ಮುಗಿದಿದ್ದರೆ ಚಪ್ಪಾಳೆ ತಟ್ಟಿ ಮನೆಗೆ ಹೋಗಬಹುದಿತ್ತು. ಆದರೆ ಮುಂದಿನ ಭಾಗವೇ ನಮಗೆ ಮುಖ್ಯ.

ಮೊದಲು ಹೋದದ್ದು ಭಾಷೆ. ಮೊದಲ ಮಹಾಯುದ್ಧದ ಕಾಲದಲ್ಲಿ, 1918ರಲ್ಲಿ, ಅಯೋವಾದ ರಾಜ್ಯಪಾಲರು ಶಾಲೆ, ಇಗರ್ಜಿ, ರೈಲು, ಫೋನುಗಳಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಆಡಬಾರದೆಂದು ಘೋಷಿಸಿದರು. ಯುದ್ಧ ಮುಗಿದರೂ ಹೊಸ ಪೀಳಿಗೆ ಇಂಗ್ಲಿಷಿಗೇ ಒಗ್ಗಿತು. ಡೆಕೋರಾ ಪೋಸ್ಟೆನ್ 1972ರಲ್ಲಿ ನಿಂತಿತು.

ಆಮೇಲೆ ಹೋದದ್ದು ಕ್ರೀಮರಿ. ಒಳ್ಳೆಯ ರಸ್ತೆ, ಲಾರಿ, ವಿದ್ಯುತ್ತು ಬಂದವು. ಕೊಟ್ಟಿಗೆಯಲ್ಲೇ ಹಾಲು ತಣ್ಣಗಿಡುವ ದೊಡ್ಡ ತೊಟ್ಟಿಗಳು ಬಂದವು. ಟ್ಯಾಂಕರ್ ಮನೆ ಬಾಗಿಲಿಗೇ ಬಂದು ಹಾಲು ಒಯ್ದು ದೂರದ ದೊಡ್ಡ ಘಟಕಕ್ಕೆ ತಲುಪಿಸಿತು. ಎರಡನೇ ಮಹಾಯುದ್ಧದ ನಂತರದ ದಶಕಗಳಲ್ಲಿ ಸಣ್ಣ ಕ್ರೀಮರಿಗಳು ಒಂದೊಂದಾಗಿ ದೊಡ್ಡವುಗಳಲ್ಲಿ ವಿಲೀನವಾದವು, ಇಲ್ಲವೇ ಮುಚ್ಚಿದವು. ಕ್ಲಾರ್ಕ್ಸ್ ಗ್ರೋವ್‌ನ ಹಳೆಯ ಕ್ರೀಮರಿ ಕಟ್ಟಡ ಈಗ ಐತಿಹಾಸಿಕ ಕಟ್ಟಡಗಳ ಪಟ್ಟಿಯಲ್ಲಿದೆ.

ಇದರಿಂದ ಲಾಭವಿರಲಿಲ್ಲವೇ? ಇತ್ತು. ಖರ್ಚು ಇಳಿಯಿತು, ಶುಚಿತ್ವ ಹೆಚ್ಚಿತು. ಆದರೆ ಬೆಳಿಗ್ಗೆ ಊರಿಗೆ ಬರುವ ಕಾರಣವೇ ಇಲ್ಲದ ರೈತ ಅಂಗಡಿಗೂ ಬರುವುದು ಕಡಿಮೆಯಾಯಿತು. ದೊಡ್ಡ ಕೊಟ್ಟಿಗೆಯೇ ಬದುಕುವ ಕಾಲ ಬಂತು. 1970ರಲ್ಲಿ ಇಡೀ ಅಮೆರಿಕದಲ್ಲಿ ಆರು ಲಕ್ಷಕ್ಕೂ ಹೆಚ್ಚು ಹೈನು ಮನೆತನಗಳಿದ್ದವು. ಇಂದು ಮೂವತ್ತು ಸಾವಿರವೂ ಇಲ್ಲ. ಅದೇ ಅವಧಿಯಲ್ಲಿ ಹಸುಗಳ ಸಂಖ್ಯೆ ಇಳಿದರೂ ಒಟ್ಟು ಹಾಲು ಸುಮಾರು ಎರಡರಷ್ಟಾಗಿದೆ. ಹಾಲು ಹೆಚ್ಚಿತು, ಹಾಲಿನವರು ಇಲ್ಲವಾದರು. ಎಷ್ಟೋ ಊರುಗಳಲ್ಲಿ ಶಾಲೆ ಮುಚ್ಚಿತು, ಯುವಕರು ನಗರ ಸೇರಿದರು.

ಇನ್ನೊಂದು ಸಂಗತಿ ಗಮನಿಸಿ. ಲ್ಯಾಂಡ್ ಓ ಲೇಕ್ಸ್ ಇಂದಿಗೂ ಸದಸ್ಯರ ಒಡೆತನದ ದೊಡ್ಡ ಸಹಕಾರ ಸಂಸ್ಥೆಯಾಗಿ ಉಳಿದಿದೆ. ಒಕ್ಕೂಟ ಉಳಿಯಿತು, ಅದನ್ನು ಕಟ್ಟಿದ ಊರ ಸಂಘಗಳಲ್ಲಿ ಬಹುಪಾಲು ಉಳಿಯಲಿಲ್ಲ.

ನಾವು ಕಲಿಯಬೇಕಾದದ್ದು

ಬಂಧುಗಳೇ, ನಮ್ಮಲ್ಲೂ ಬಲ್ಕ್ ಕೂಲರ್ ಬಂದಿದೆ, ಗಣಕೀಕೃತ ಪರೀಕ್ಷಾ ಯಂತ್ರ ಬಂದಿದೆ, ಹಣ ನೇರ ಬ್ಯಾಂಕಿಗೆ ಬರುತ್ತಿದೆ. ಇವೆಲ್ಲ ಬೇಕು. ಯಂತ್ರವನ್ನು ಬೇಡವೆಂದವರು ಆ ಬಯಲಿನಲ್ಲಿಯೂ ಗೆಲ್ಲಲಿಲ್ಲ, ಕೆನೆ ಯಂತ್ರ ಮತ್ತು ಪರೀಕ್ಷೆ ಇಲ್ಲದೆ ಅವರ ಸಂಘವೇ ಹುಟ್ಟುತ್ತಿರಲಿಲ್ಲ. ಪ್ರಶ್ನೆ ಇಷ್ಟೇ: ಎರಡು ಹಸು ಕಟ್ಟಿದವನ ಹಾಲಿಗೆ ನಾಳೆಯೂ ಊರಲ್ಲೇ ಜಾಗವಿರುತ್ತದೆಯೇ? ಅದನ್ನು ತೀರ್ಮಾನಿಸುವವರು ಯಾರು?

ಉತ್ತರ ನಿಮ್ಮ ಕೈಯಲ್ಲಿದೆ. ಮತ ತಲೆಗೆ ಒಂದು ಎಂಬ ನಿಯಮ ನಮ್ಮ ಸಂಘದಲ್ಲೂ ಇದೆ. ಆದರೆ ಸರ್ವಸದಸ್ಯರ ಸಭೆಗೆ ಬಾರದವನ ಮತ ಕೊಟ್ಟಿಗೆಯಲ್ಲೇ ಉಳಿಯುತ್ತದೆ. ಸಭೆಯ ತಿಳುವಳಿಕೆ ಪತ್ರ ಬಂದಾಗ ಬನ್ನಿ. ಲೆಕ್ಕಪತ್ರ ಓದಿಸಿ ಕೇಳಿ. ಪರೀಕ್ಷೆ ನಿಮ್ಮ ಕಣ್ಣೆದುರಿಗೆ ನಡೆಯಲಿ, ಅದರ ಚೀಟಿ ಪಡೆಯಿರಿ. ಸಂಘಗಳ ವಿಲೀನದ ಮಾತು ಎಂದಾದರೂ ಬಂದರೆ ಲೀಟರಿಗೆ ಎಷ್ಟು ಪೈಸೆ ಉಳಿಯುತ್ತದೆ ಎಂದು ಕೇಳುವುದರ ಜೊತೆಗೆ ನಮ್ಮ ಊರಿನಲ್ಲಿ ಏನು ಉಳಿಯುತ್ತದೆ ಎಂದೂ ಕೇಳಿ. ಡೇರಿಯ ಮುಂದೆ ಕ್ಯಾನು ಹಿಡಿದು ನಿಂತ ಹತ್ತು ನಿಮಿಷ ವ್ಯರ್ಥವೆಂದು ತಿಳಿಯಬೇಡಿ. ಹಿಮದ ಬಯಲಿನಲ್ಲಿ ಅಪರಿಚಿತರಾಗಿದ್ದವರನ್ನು ಒಂದು ಊರಿನವರನ್ನಾಗಿ ಮಾಡಿದ್ದು ಅಂಥ ಹತ್ತು ನಿಮಿಷಗಳೇ.